ಒಂದು ರಬ್ಬರ್ ಮುದ್ದೆಗೆ ಹಣ ಹಾಕಿದವರು

ಫೋನ್ ಚಾರ್ಜರಿನ ವೈರು ಎಲ್ಲಿ ಕಿತ್ತುಹೋಗುತ್ತದೆ? ಪಿನ್ನಿನ ಕುತ್ತಿಗೆಯ ಹತ್ತಿರ, ಯಾವಾಗಲೂ ಅಲ್ಲೇ. ನಾವು ಅದಕ್ಕೆ ಇನ್ಸುಲೇಷನ್ ಟೇಪು ಸುತ್ತುತ್ತೇವೆ. ಬೇಸಿಗೆ ಬಂತೆಂದರೆ ಟೇಪಿನ ಅಂಟು ಜಾರಿ ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ಎಂ-ಸೀಲ್ ಹಾಕೋಣ ಅಂದರೆ ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಸೋರುವ ಪೈಪಿಗೆ ಸರಿ, ಬಾಗುವ ವೈರಿಗೆ ಆಗಿಬರುವುದಿಲ್ಲ. ಚಪಾತಿ ಹಿಟ್ಟಿನ ಹಾಗೆ ಕೈಯಲ್ಲಿ ನಾದಿ, ಬೇಕಾದ ಕಡೆ ಮೆತ್ತಿ, ರಾತ್ರಿ ಬಿಟ್ಟರೆ ಬೆಳಗ್ಗೆ ರಬ್ಬರ್ ಆಗಿರುವಂಥ ವಸ್ತು ಒಂದಿದ್ದರೆ ಚೆನ್ನಾಗಿತ್ತು, ಅಲ್ವಾ?

ಅಂಥದ್ದು ಒಂದಿದೆ. ಹೆಸರು ಸುಗ್ರು. ಲಂಡನ್‌ನಲ್ಲಿ ಡಿಸೈನ್ ಓದುತ್ತಿದ್ದ ಐರ್ಲೆಂಡಿನ ವಿದ್ಯಾರ್ಥಿನಿಯೊಬ್ಬರು 2003ರಲ್ಲಿ ಇದರ ಬೆನ್ನು ಹತ್ತಿದರು. 2018ರಲ್ಲಿ ಅವರ ಕಂಪನಿಯನ್ನು ಜರ್ಮನಿಯ ದೊಡ್ಡ ಅಂಟಿನ ಕಂಪನಿಯೊಂದು ಕೊಂಡುಕೊಂಡಿತು. ನಡುವಿನ 15 ವರ್ಷಗಳಲ್ಲಿ ಬಗೆಬಗೆಯ ಹಣ, ಬಗೆಬಗೆಯ ಸಲಹೆ ಈ ಕಂಪನಿಯ ಒಳಗೆ ಬಂದು ಹೋಗಿವೆ. ಯಾರು ಯಾವಾಗ ಏನು ಕೊಟ್ಟರು, ಅವರಿಗೆ ತಿರುಗಿ ಏನು ಸಿಕ್ಕಿತು ಎಂದು ನೋಡುವುದಕ್ಕೆ ಇಷ್ಟು ಒಳ್ಳೆಯ ಪ್ರಕರಣ ಸುಲಭಕ್ಕೆ ಸಿಗುವುದಿಲ್ಲ.

ಡಿಸೈನರ್‌ಗಳು ಕಟ್ಟಿದ ಕಂಪನಿ ಅಂದ ತಕ್ಷಣ ಎಲ್ಲರೂ ಪ್ರವಾಸಿಗರಿಗೆ ಬಾಡಿಗೆ ಮನೆ ಹುಡುಕಿಕೊಡುವ ಏರ್‌ಬಿಎನ್‌ಬಿ ಕತೆ ತೆಗೆಯುತ್ತಾರೆ. ಆ ಕತೆಯಲ್ಲಿ ಹಣ ಹಾಕಿದವರೆಲ್ಲ ಕೊನೆಗೆ ಜಾಣರಾಗಿಯೇ ಕಾಣುತ್ತಾರೆ. ಸುಗ್ರು ಕತೆ ಹಾಗಿಲ್ಲ. ಇಲ್ಲಿ ವಸ್ತು ಗೆದ್ದಿತು. ಹಣ ಹಾಕಿದ ಬಹಳ ಜನ ಸೋತರು. ಎರಡೂ ಒಂದೇ ಕಂಪನಿಯಲ್ಲಿ ಆದದ್ದು ಹೇಗೆ ಅನ್ನುವುದೇ ನನಗೆ ಕುತೂಹಲ.

ಮರದ ಹಾಗೆ ಕಾಣುವ, ಪುಟಿಯುವ ಚೆಂಡು

ಅವರ ಹೆಸರು ಜೇನ್ ನೀ ಗುಲ್‌ಕ್ವೀಂಟಿಗ್. ಐರಿಷ್ ಭಾಷೆಯಲ್ಲಿ ಬರೆದದ್ದನ್ನು ಓದುವ ನಿಯಮವೇ ಬೇರೆ, ಹಾಗಾಗಿ ನಾವು ಸುಮ್ನೆ ಜೇನ್ ಅನ್ನೋಣ. ಮೊದಲು ಶಿಲ್ಪಕಲೆ ಕಲಿತು, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪ್ರಾಡಕ್ಟ್ ಡಿಸೈನ್ ಎಂ.ಎ.ಗೆ ಸೇರಿದವರು. ಅಲ್ಲಿ ಇವರು ಕುರ್ಚಿ, ದೀಪ ಎಂದು ಹೊಸ ವಸ್ತು ಮಾಡುವುದಕ್ಕಿಂತ ಸಾಮಗ್ರಿಗಳ ಜತೆ ಆಟ ಆಡಿದ್ದೇ ಜಾಸ್ತಿ. ಬಚ್ಚಲುಮನೆಯ ಸಂದಿಗೆ ಹಚ್ಚುವ ಸಿಲಿಕೋನ್ ಸೀಲೆಂಟ್ ಇರುತ್ತದಲ್ಲ, ವಿನೆಗರ್ ವಾಸನೆ ಬರುವಂಥದ್ದು, ಅದಕ್ಕೆ ಮರದ ಪುಡಿ ಕಲಸಿ ಉಂಡೆ ಮಾಡಿದರು. ನೋಡಲು ಮರದ ಚೆಂಡು. ನೆಲಕ್ಕೆ ಹಾಕಿದರೆ ಪುಟಿಯುತ್ತಿತ್ತು.

ತಮಾಷೆಯಾಗಿತ್ತು. ಆದರೆ ಏನಕ್ಕೆ ಉಪಯೋಗ? ಅದು ಅವರಿಗೂ ಗೊತ್ತಿರಲಿಲ್ಲ. ಉಳಿದ ಮಿಶ್ರಣವನ್ನು ಮನೆಯಲ್ಲಿ ಬಳಸತೊಡಗಿದರು. ಅಡುಗೆಮನೆಯ ಚಾಕುವಿನ ಹಿಡಿ ಕೈಗೆ ಒತ್ತುತ್ತಿತ್ತು, ಅದರ ಮೇಲೆ ಒಂದು ಪದರ ಮೆತ್ತಿದರು. ಸಿಂಕಿನ ಮುಚ್ಚಳ ತೂತಿಗಿಂತ ಚಿಕ್ಕದಾಗಿತ್ತು, ಅದನ್ನು ದಪ್ಪ ಮಾಡಿದರು. ವಿಷಯ ಹೊಳೆದದ್ದು ಆಗ. ಮಾರಬೇಕಾದದ್ದು ಒಂದು ವಸ್ತುವನ್ನಲ್ಲ. ಜನರು ತಮ್ಮ ಬಳಿ ಈಗಾಗಲೇ ಇರುವ ವಸ್ತುವನ್ನು ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳುವ ಮುದ್ದೆಯನ್ನು ಮಾರಬೇಕು. ಹೊಸದು ಕೊಳ್ಳುವ ಬದಲು ಇರುವುದನ್ನೇ ಸರಿಮಾಡಿಕೊಳ್ಳಿ ಅನ್ನುವುದು ಅವರ ಮಾತಾಯಿತು. ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. 2003ರ ಲಂಡನ್ನಿಗೆ ಮಾತ್ರ ಇದು ಹೊಸ ಮಾತು.

ಹೂಡಿಕೆದಾರರ ಕಣ್ಣಿನಿಂದ ಇದನ್ನು ನೋಡಿ. ಎದುರಿಗಿರುವವರು ಶಿಲ್ಪ ಕಲಿತವರು, ರಸಾಯನಶಾಸ್ತ್ರ ಗೊತ್ತಿಲ್ಲ. ಕೈಯಲ್ಲಿರುವುದು ಅಂಗಡಿಯಲ್ಲಿ ಸಿಗುವ ಸೀಲೆಂಟಿಗೆ ಮರದ ಪುಡಿ ಬೆರೆಸಿದ ಮುದ್ದೆ. 'ಇದರಿಂದ ಏನು ಮಾಡಬಹುದು?' ಎಂದು ಕೇಳಿದರೆ 'ಏನು ಬೇಕಾದರೂ' ಎಂಬ ಉತ್ತರ. ಹಣ ಇಟ್ಟುಕೊಂಡವರಿಗೆ ಇದಕ್ಕಿಂತ ಕೆಟ್ಟ ಉತ್ತರ ಇಲ್ಲ. ಏನು ಬೇಕಾದರೂ ಆಗುವ ವಸ್ತುವನ್ನು ಅಂಗಡಿಯ ಯಾವ ಸಾಲಿನಲ್ಲಿ ಇಡುವುದು? ಅಂಟಿನ ಸಾಲಿನಲ್ಲಾ, ಮಕ್ಕಳ ಕರಕುಶಲ ಸಾಮಾನಿನ ಸಾಲಿನಲ್ಲಾ, ಪ್ಲಂಬಿಂಗ್ ಸಾಲಿನಲ್ಲಾ? ಈ ಪ್ರಶ್ನೆ ಕೊನೆಯವರೆಗೂ ಕಂಪನಿಯ ಬೆನ್ನು ಬಿಡಲಿಲ್ಲ.

ಪ್ರಯೋಗಾಲಯದ ವರ್ಷಗಳು

ಮೊದಲು ಬಂದ ಹಣ ಅನುದಾನ. ಬ್ರಿಟನ್ನಿನಲ್ಲಿ ನೆಸ್ಟಾ ಎಂಬ ಸಂಸ್ಥೆಯಿದೆ. ಅಲ್ಲಿನ ರಾಷ್ಟ್ರೀಯ ಲಾಟರಿಯ ಹಣದಿಂದ 1998ರಲ್ಲಿ ಕಟ್ಟಿದ ನಿಧಿ ಅದು. ವಿಜ್ಞಾನ, ತಂತ್ರಜ್ಞಾನ, ಕಲೆ ಈ ಮೂರರಲ್ಲೂ ಹೊಸ ಯೋಚನೆಗೆ ನೆರವು ಕೊಡುವುದು ಅದರ ಕೆಲಸ. ಜೇನ್ ಅವರ ಮುದ್ದೆ ಕಲೆಯೂ ಹೌದು, ವಿಜ್ಞಾನವೂ ಹೌದು, ಹಾಗಾಗಿ ಇಂಥ ಕಡೆ ಮಾತ್ರ ಅದಕ್ಕೆ ಜಾಗ ಸಿಗುವಂತಿತ್ತು. ನೆಸ್ಟಾದ ಅನುದಾನ ದೊರೆಯಿತು.

ಮೊತ್ತಕ್ಕಿಂತ ಆ ಹಣದ ಸ್ವಭಾವ ಮುಖ್ಯ. ಅನುದಾನ ಕೊಟ್ಟವರು ಪಾಲು ಕೇಳುವುದಿಲ್ಲ, ಬಡ್ಡಿ ಕೇಳುವುದಿಲ್ಲ. ಇಂತಿಷ್ಟು ವರ್ಷಕ್ಕೆ ಹತ್ತು ಪಟ್ಟು ಮಾಡಿಕೊಡು ಅನ್ನುವುದಿಲ್ಲ. ಮುದ್ದೆ ಪೊಟ್ಟಣದಲ್ಲಿ ಎಷ್ಟು ದಿನ ಮೆತ್ತಗೆ ಉಳಿಯುತ್ತದೆ ಎಂದು ಗೊತ್ತಿಲ್ಲದ ಹಂತದಲ್ಲಿ ಬೇರೆ ಯಾವ ಹಣ ಬಂದಿದ್ದರೂ ಕುತ್ತಿಗೆಗೆ ಬರುತ್ತಿತ್ತು ಎಂದು ನನ್ನ ಅನಿಸಿಕೆ.

ಮಾರ್ಗದರ್ಶಕರು ಸಿಕ್ಕಿದ್ದೂ ಈ ಹೊತ್ತಿನಲ್ಲೇ. ಒಬ್ಬರು ರೋಜರ್ ಆಶ್ಬಿ, ವ್ಯಾಪಾರದಲ್ಲಿ ಪಳಗಿದವರು. ದೂರ ಕೂತು ಸಲಹೆ ಕೊಡಲಿಲ್ಲ, ಕಂಪನಿಯ ಪಾಲುದಾರರೇ ಆದರು. ಜೇಮ್ಸ್ ಕ್ಯಾರಿಗನ್ ಇನ್ನೊಬ್ಬ ಪಾಲುದಾರ. ಕಂಪನಿಗೆ ಫಾರ್ಮ್‌ಫಾರ್ಮ್‌ಫಾರ್ಮ್ ಎಂದು ಹೆಸರಿಟ್ಟರು. ಇವರಿಬ್ಬರಿಗಿಂತಲೂ ನನಗೆ ಇಷ್ಟವಾಗುವವರು ಮೂರನೆಯ ಗುಂಪು: ಡೌ ಕಾರ್ನಿಂಗ್ ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಸಿಲಿಕೋನ್ ವಿಜ್ಞಾನಿಗಳು. ಸಿಲಿಕೋನ್ ಲೋಕದಲ್ಲಿ ಡೌ ಕಾರ್ನಿಂಗ್ ಅಂದರೆ 1943ರಿಂದ ಇದ್ದ ದೊಡ್ಡ ಹೆಸರು. ಅಲ್ಲಿ ಇಡೀ ಜೀವನ ಸವೆಸಿದವರಿಗೆ ಒಂದು ಸಿಲಿಕೋನ್ ಏಕೆ ಅಂಟುತ್ತದೆ, ಇನ್ನೊಂದು ಏಕೆ ಅಂಟುವುದಿಲ್ಲ ಅನ್ನುವುದು ಬೆರಳ ತುದಿಯಲ್ಲಿ ಇರುತ್ತದೆ. ಇವರ ಜತೆ, ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಮೆಟೀರಿಯಲ್ಸ್ ವಿಭಾಗದಲ್ಲಿ, ಜೇನ್ ವರ್ಷಗಟ್ಟಲೆ ಕೂತರು.

ಕಷ್ಟ ಎಲ್ಲಿತ್ತು ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಡಿಸೈನ್ ಕಂಪನಿ ಅಂದರೆ ಚಂದದ ಚಿತ್ರ ಬಿಡಿಸುವುದು ಎಂದು ತಿಳಿದವರು ತುಂಬ ಜನ ಇದ್ದಾರೆ. ಎಂ-ಸೀಲ್ ಥರದ ವಸ್ತುವಿನಲ್ಲಿ ಎರಡು ಮುದ್ದೆ ಇರುತ್ತವೆ. ಬೇಕಾದಾಗ ಎರಡನ್ನೂ ಕಲಸುತ್ತೀರಿ, ಆಗ ಗಟ್ಟಿಯಾಗಲು ಶುರುವಾಗುತ್ತದೆ. ಸುಗ್ರುವಿನಲ್ಲಿ ಇರುವುದು ಒಂದೇ ಮುದ್ದೆ. ಗಾಳಿಯಲ್ಲಿರುವ ತೇವ ತಾಗಿದರೆ ಅದು ಗಟ್ಟಿಯಾಗಬೇಕು. ಅಂದರೆ ಪೊಟ್ಟಣದೊಳಗೆ ಒಂದು ಚೂರೂ ತೇವ ಹೋಗಬಾರದು. ಒಡೆದ ಮೇಲೆ ಅರ್ಧ ಗಂಟೆ ಕೈಗೆ ಮೆತ್ತಗೆ ಸಿಗಬೇಕು, ಒಂದು ದಿನದಲ್ಲಿ ರಬ್ಬರ್ ಆಗಬೇಕು. ಗಾಜು, ಲೋಹ, ಪಿಂಗಾಣಿ, ಮರ, ಎಲ್ಲಕ್ಕೂ ಅಂಟಬೇಕು, ಆದರೆ ನಾದುವಾಗ ಬೆರಳಿಗೆ ಅಂಟಬಾರದು. ಸಿಲಿಕೋನ್ ಸ್ವಭಾವವೇ ಏನಕ್ಕೂ ಅಂಟದಿರುವುದು. ಬೇಕಿಂಗ್ ಟ್ರೇಗಳನ್ನು ಅದರಿಂದ ಮಾಡುವುದು ಅದಕ್ಕೇ. ಅಂಥದ್ದನ್ನು ಅಂಟುವ ಹಾಗೆ ಮಾಡುವುದಕ್ಕೆ ಹೊರಟಿದ್ದರು ಇವರು.

ಕೊನೆಗೆ ಸಿಕ್ಕಿದ ಮಿಶ್ರಣ ಮೈನಸ್ 50 ಡಿಗ್ರಿಯಿಂದ 180 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತಿತ್ತು. ಚಿಕ್ಕ ಚಿಕ್ಕ ಅಲ್ಯೂಮಿನಿಯಂ ಪೊಟ್ಟಣಗಳಲ್ಲಿ, ಒಂದೊಂದರಲ್ಲಿ 5 ಗ್ರಾಂ. ಹೆಸರು ಐರಿಷ್ ಭಾಷೆಯದು. ಆ ಪದಕ್ಕೆ ಅರ್ಥ 'ಆಟ'.

ಸಣ್ಣದಾಗಿ ಮಾಡಿ, ಚೆನ್ನಾಗಿ ಮಾಡಿ

ಮೊದಲ ಯೋಜನೆ ಹೀಗಿತ್ತು: ನಾವು ಸೂತ್ರ ಕಂಡುಹಿಡಿಯೋಣ, ತಯಾರಿಸಿ ಮಾರುವುದನ್ನು ದೊಡ್ಡ ಅಂಟಿನ ಕಂಪನಿಗಳು ಮಾಡಲಿ. ಕಾಗದದ ಮೇಲೆ ಬಹಳ ಬುದ್ಧಿವಂತಿಕೆಯ ಯೋಜನೆ. ಕಾರ್ಖಾನೆ ಬೇಡ, ದಾಸ್ತಾನು ಬೇಡ, ಲೈಸೆನ್ಸ್ ಹಣ ಬರುತ್ತಿರುತ್ತದೆ. ಆದರೆ ದೊಡ್ಡ ಕಂಪನಿಗಳ ಜತೆ ಮಾತುಕತೆ ಅಂದರೆ ಗೊತ್ತಲ್ಲ, ಸಭೆಯ ಮೇಲೆ ಸಭೆ. ಅಷ್ಟರಲ್ಲಿ 2008 ಬಂತು, ಜಗತ್ತಿನ ಹಣಕಾಸೇ ಕುಸಿಯಿತು. ಯಾರಿಗೂ ಹೊಸ ಬಗೆಯ ರಬ್ಬರ್ ಮುದ್ದೆ ಬೇಕಾಗಿರಲಿಲ್ಲ. ಕಂಪನಿಯ ಹಣವೂ ತಳ ಕಂಡಿತ್ತು.

ಇಂಥ ಹೊತ್ತಿನಲ್ಲಿ ಸ್ನೇಹಿತರೊಬ್ಬರು ಒಂದು ಮಾತು ಹೇಳಿದರು ಎಂದು ಜೇನ್ ಆಮೇಲೆ ಎಷ್ಟೋ ಕಡೆ ನೆನೆದಿದ್ದಾರೆ. ಸಣ್ಣದಾಗಿ ಶುರುಮಾಡು, ಚೆನ್ನಾಗಿ ಮಾಡು. ಅಷ್ಟೇ ಆ ಮಾತಿನ ತಿರುಳು. ಕೇಳಲು ಗೋಡೆಗೆ ಅಂಟಿಸುವ ಘೋಷಣೆಯ ಹಾಗಿದೆ. ಆದರೆ ಅವರಿದ್ದ ಪರಿಸ್ಥಿತಿಯಲ್ಲಿ ಅದಕ್ಕೆ ಬಹಳ ನಿಖರವಾದ ಅರ್ಥವಿತ್ತು: ದೊಡ್ಡವರಿಗಾಗಿ ಕಾಯಬೇಡ, ನಿನ್ನ ಕೈಯಲ್ಲಿ ಆಗುವಷ್ಟು ನೀನೇ ಮಾಡಿ ನೇರವಾಗಿ ಜನರಿಗೆ ಮಾರು. ಇಡೀ ವ್ಯಾಪಾರದ ಮಾದರಿಯನ್ನೇ ಬದಲಿಸುವ ಸಲಹೆ ಅದು. ಖಾಸಗಿ ಹೂಡಿಕೆ ಒಂದಿಷ್ಟು ಹೊಂದಿಸಿಕೊಂಡು ತಂಡ ಹಾಗೇ ಮಾಡಿತು.

2009ರ ಡಿಸೆಂಬರ್ 1ರಂದು ತಮ್ಮ ವೆಬ್‌ಸೈಟಿನಲ್ಲಿ 1,000 ಪ್ಯಾಕೆಟ್ ಮಾರಾಟಕ್ಕೆ ಇಟ್ಟರು. 6 ಗಂಟೆಯೊಳಗೆ ಎಲ್ಲ ಖಾಲಿ.

ಜಾಹೀರಾತಿಗೆ ಹಣ ಇರಲಿಲ್ಲ. ಕಂಪನಿ ಮೊದಲೇ ಪ್ಯಾಕೆಟ್ ಕಳಿಸಿಕೊಟ್ಟಿದ್ದ ಪತ್ರಕರ್ತರು ಮತ್ತು ಗ್ಯಾಜೆಟ್ ಬರಹಗಾರರೇ ಪ್ರಚಾರ. ಆಮೇಲೆ ಕೊಂಡವರೇ ಪ್ರಚಾರ. ಕಿತ್ತುಹೋದ ಹೆಡ್‌ಫೋನ್, ಮುರಿದ ಮಗ್ಗಿನ ಹಿಡಿ, ಸೋರುವ ಬೂಟು, ಏನೇನೋ ಸರಿಮಾಡಿಕೊಂಡು ಫೋಟೊ ಕಳಿಸಿದರು. ಕಂಪನಿ ಅವುಗಳನ್ನೇ ಹಾಕಿತು. 'ಏನು ಬೇಕಾದರೂ' ಎಂಬ ಆ ಕೆಟ್ಟ ಉತ್ತರಕ್ಕೆ ಈಗ ಸಾವಿರ ಚಿತ್ರಗಳ ಪುರಾವೆ ಸಿಕ್ಕಿತು. 2010ರಲ್ಲಿ ಟೈಮ್ ಪತ್ರಿಕೆ ಆ ವರ್ಷದ 50 ಉತ್ತಮ ಆವಿಷ್ಕಾರಗಳ ಪಟ್ಟಿಯಲ್ಲಿ ಸುಗ್ರುವನ್ನು ಸೇರಿಸಿತು. ಅದೇ ಪಟ್ಟಿಯಲ್ಲಿ ಆಪಲ್‌ನ ಐಪ್ಯಾಡ್ ಕೂಡ ಇತ್ತು.

ಪೂರ್ವ ಲಂಡನ್ನಿನ ಹ್ಯಾಕ್ನಿಯಲ್ಲಿ ಕಂಪನಿಯ ಕಾರ್ಖಾನೆ ಇತ್ತು, ಆಫೀಸೂ ಅಲ್ಲೇ. ಮಿಶ್ರಣ ಮಾಡುವ ಕೋಣೆಯ ಪಕ್ಕದಲ್ಲೇ ಗ್ರಾಹಕರಿಗೆ ಉತ್ತರ ಬರೆಯುವವರು. ಈ ಹಂತದವರೆಗೆ ನೋಡಿದರೆ ಇದು ಮಾರ್ಗದರ್ಶನದ ಪಠ್ಯಪುಸ್ತಕದಂಥ ಕತೆ. ವ್ಯಾಪಾರಿ, ವಿಜ್ಞಾನಿ, ಸ್ನೇಹಿತ ಮೂವರೂ ತಮಗೆ ಗೊತ್ತಿದ್ದದ್ದನ್ನು ಮಾತ್ರ ಹೇಳಿದರು. ತಮಗೆ ಗೊತ್ತಿಲ್ಲದ್ದರ ಬಗ್ಗೆ ಸಲಹೆ ಕೊಡುವ ಮೆಂಟರ್‌ಗಳನ್ನು ನಾನು ಸಾಕಷ್ಟು ನೋಡಿದ್ದೇನೆ, ಹಾಗಾಗಿ ಇದು ನನಗೆ ಚಿಕ್ಕ ವಿಷಯ ಅನ್ನಿಸುವುದಿಲ್ಲ.

ಅಂಗಡಿಯ ಸಾಲು

ಮುಂದೆ ಕಂಪನಿ ಅಂಗಡಿಗಳ ಕಡೆ ತಿರುಗಿತು. ಬ್ರಿಟನ್ನಿನಲ್ಲಿ ಮನೆ ರಿಪೇರಿ ಸಾಮಾನಿನ ದೊಡ್ಡ ಮಳಿಗೆ ಸರಣಿ ಬಿ ಆಂಡ್ ಕ್ಯೂ, ಅಮೆರಿಕದಲ್ಲಿ ಟಾರ್ಗೆಟ್, ಇಂಥ ಕಡೆಯೆಲ್ಲ ಸುಗ್ರು ಬಂತು.

ಇಲ್ಲಿ ಆಟವೇ ಬೇರೆ. ವೆಬ್‌ಸೈಟಿನಲ್ಲಿ ಕೊಳ್ಳುವವರು ವಿಡಿಯೊ ನೋಡಿ, ಕತೆ ಓದಿ, ಏನು ಸರಿಮಾಡಬೇಕು ಎಂದು ಮನಸ್ಸಿನಲ್ಲಿ ಇಟ್ಟುಕೊಂಡೇ ಬರುತ್ತಾರೆ. ಮಳಿಗೆಯಲ್ಲಿ ನಿಂತವರ ಕಣ್ಣಿಗೆ ಬೀಳುವುದು ಅಂಟಿನ ಸಾಲಿನಲ್ಲಿ ನೇತುಹಾಕಿದ ಒಂದು ಬಣ್ಣದ ಪ್ಯಾಕೆಟ್. ಪಕ್ಕದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಬೆಲೆಯ ಸೂಪರ್‌ಗ್ಲೂ. ಎರಡು ಸೆಕೆಂಡಿನಲ್ಲಿ 'ಇದು ಅಂಟಲ್ಲ, ಬೇರೆ ಏನೋ' ಎಂದು ತಿಳಿಸಬೇಕು. ಅದಕ್ಕೆ ಜಾಹೀರಾತು, ಪ್ರದರ್ಶನ, ಹೊಸ ಪ್ಯಾಕಿಂಗ್, ಎಲ್ಲಕ್ಕೂ ಹಣ ಸುರಿಯಬೇಕು.

ಜತೆಗೆ ಆ ರಸಾಯನದ ಗುಣವೇ ಅಡ್ಡ ಬರುತ್ತದೆ. ಪೊಟ್ಟಣದ ಆಯಸ್ಸು ತಯಾರಾದ ದಿನದಿಂದ ಸುಮಾರು 13 ತಿಂಗಳು. ಫ್ರಿಜ್‌ನಲ್ಲಿಟ್ಟರೆ ಜಾಸ್ತಿ ಬಾಳಿಕೆ ಬರುತ್ತದೆ, ಆದರೆ ಯಾವ ಮಳಿಗೆಯವರೂ ಅಂಟನ್ನು ಫ್ರಿಜ್‌ನಲ್ಲಿ ಇಡುವುದಿಲ್ಲ. ಹ್ಯಾಕ್ನಿಯಿಂದ ಹಡಗಿನಲ್ಲಿ ಅಮೆರಿಕಕ್ಕೆ, ಅಲ್ಲಿನ ಗೋದಾಮಿಗೆ, ಅಲ್ಲಿಂದ ಅಂಗಡಿಗೆ ಹೋಗುವಷ್ಟರಲ್ಲಿ ಆಯಸ್ಸಿನಲ್ಲಿ ಒಂದು ಪಾಲು ಮುಗಿದಿರುತ್ತದೆ. ನಿಧಾನಕ್ಕೆ ಮಾರಾಟವಾಗುವ, ಬೇಗ ಹಳತಾಗುವ ವಸ್ತುವಿಗೆ ದೊಡ್ಡ ಮಳಿಗೆ ಸುಲಭದ ಜಾಗವಲ್ಲ. ಹಾಲು ಬೇಗ ಕೆಡುತ್ತದೆ, ಆದರೆ ದಿನಾ ಖರ್ಚಾಗುತ್ತದೆ. ಮೊಳೆ ನಿಧಾನಕ್ಕೆ ಖರ್ಚಾಗುತ್ತದೆ, ಆದರೆ ಕೆಡುವುದಿಲ್ಲ. ಸುಗ್ರುವಿಗೆ ಎರಡರದ್ದೂ ತೊಂದರೆ, ಒಂದರದ್ದೂ ಅನುಕೂಲ ಇಲ್ಲ. ಇದು ನನ್ನ ವಿಶ್ಲೇಷಣೆ. ಆದರೆ ಯಾವ ಕಿರಾಣಿ ಅಂಗಡಿಯವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಗ್ರಾಹಕರೇ ಮಾಲೀಕರು

2015ರಲ್ಲಿ ಕಂಪನಿ ಕ್ರೌಡ್‌ಕ್ಯೂಬ್ ಎಂಬ ವೇದಿಕೆಗೆ ಬಂತು. ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ 2011ರಲ್ಲಿ ಶುರುವಾದ ವೇದಿಕೆ ಅದು. ಯಾರು ಬೇಕಾದರೂ ಸಣ್ಣ ಮೊತ್ತ ಹಾಕಿ ಹೊಸ ಕಂಪನಿಯ ಷೇರು ಕೊಳ್ಳಬಹುದು. ಸುಗ್ರು ಕೇಳಿದ್ದು 10 ಲಕ್ಷ ಪೌಂಡ್. ಬಂದದ್ದು 30 ಲಕ್ಷಕ್ಕೂ ಜಾಸ್ತಿ. ಕೊಟ್ಟವರು 2,500ಕ್ಕೂ ಹೆಚ್ಚು ಜನ.

ನಮ್ಮಲ್ಲಿ ಕ್ರೌಡ್‌ಫಂಡಿಂಗ್ ಅಂದರೆ ಬೆಂಗಳೂರಿನ ಮಿಲಾಪ್ ಥರದ ತಾಣಗಳಲ್ಲಿ ಯಾರದೋ ಆಸ್ಪತ್ರೆ ಖರ್ಚಿಗೆ ಹಣ ಹಾಕುವುದು ನೆನಪಿಗೆ ಬರುತ್ತದೆ. ಅದು ದಾನ, ಇದು ಷೇರು. ಭಾರತದಲ್ಲಿ ಹೀಗೆ ಸಾವಿರಾರು ಜನರಿಗೆ ಅಂತರ್ಜಾಲದಲ್ಲಿ ಷೇರು ಮಾರಲು ಸಣ್ಣ ಖಾಸಗಿ ಕಂಪನಿಗೆ ಅವಕಾಶವಿಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ಖಾಸಗಿಯಾಗಿ ಷೇರು ಕೊಡುವುದಾದರೆ ಒಂದು ಹಣಕಾಸು ವರ್ಷದಲ್ಲಿ 200 ಜನರ ಮಿತಿ ಇದೆ. 2014ರಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಇದರ ಬಗ್ಗೆ ಚರ್ಚಾಪತ್ರ ಹೊರಡಿಸಿತು. 2016ರಲ್ಲಿ ಅನುಮತಿ ಇಲ್ಲದ ವೇದಿಕೆಗಳ ಬಗ್ಗೆ ಹೂಡಿಕೆದಾರರಿಗೆ ಎಚ್ಚರಿಕೆಯನ್ನೂ ಕೊಟ್ಟಿತು. ನೋಡುಗರೇ ಹಣ ಹಾಕಿದ 2013ರ 'ಲೂಸಿಯಾ' ಸಿನಿಮಾ ಕನ್ನಡಿಗರಿಗೆ ನೆನಪಿರಬಹುದು. ಮನಸ್ಸಿಗೆ ಹಿಡಿಸಿದ್ದಕ್ಕೆ ಹಣ ಹಾಕುವ ಆ ಹುಮ್ಮಸ್ಸು ಸುಗ್ರುವಿಗೆ ಹಣ ಹಾಕಿದವರದ್ದಕ್ಕೆ ಹತ್ತಿರವಾದದ್ದು.

ಯಾಕೆಂದರೆ ಅವರಲ್ಲಿ ಎಷ್ಟೋ ಜನ ಮೊದಲು ಗ್ರಾಹಕರು. ಮನೆಯಲ್ಲಿ ಸುಗ್ರುವಿನಿಂದ ಏನನ್ನೋ ಸರಿಮಾಡಿಕೊಂಡು ಖುಷಿಪಟ್ಟವರು. ವಸ್ತು ಒಳ್ಳೆಯದು ಎಂದು ಅವರಿಗೆ ಕೈಯಾರೆ ಗೊತ್ತು. ಅದೇ ತೊಂದರೆ ಕೂಡ. ವಸ್ತು ಒಳ್ಳೆಯದು ಅನ್ನುವುದು ಒಂದು ಮಾತು, ಈ ಬೆಲೆಗೆ ಈ ಕಂಪನಿಯ ಷೇರು ಒಳ್ಳೆಯದು ಅನ್ನುವುದು ಬೇರೆಯೇ ಮಾತು. ಹಳ್ಳಿಯಲ್ಲಿ ಒಬ್ಬರ ಹಸುವಿನ ಹಾಲು ರುಚಿಯಾಗಿದೆ ಎಂದು ಆ ಹಸುವನ್ನು ಕೇಳಿದಷ್ಟು ಬೆಲೆಗೆ ಯಾರೂ ಕೊಳ್ಳುವುದಿಲ್ಲ. ಹಲ್ಲು ನೋಡುತ್ತಾರೆ, ಎಷ್ಟನೇ ಸೂಲು ಎಂದು ಕೇಳುತ್ತಾರೆ. ಷೇರಿನ ವಿಷಯದಲ್ಲಿ ಮಾತ್ರ ಹಾಲಿನ ರುಚಿಗೇ ಮರುಳಾಗುತ್ತೇವೆ.

ವೃತ್ತಿಪರ ಹೂಡಿಕೆದಾರರು ಬಂದರೆ ಬೆಲೆಗೆ ಚೌಕಾಶಿ ಮಾಡುತ್ತಾರೆ. ಕಂಪನಿ ಕಡಿಮೆ ಬೆಲೆಗೆ ಮಾರಾಟವಾದರೆ ತಮ್ಮ ಹಣ ಮೊದಲು ಬರಬೇಕು ಎಂದು ಕರಾರು ಬರೆಸಿಕೊಳ್ಳುತ್ತಾರೆ. ನೂರು ಪೌಂಡ್ ಹಾಕುವ ಗ್ರಾಹಕರಿಗೆ ಚೌಕಾಶಿಯ ದಾರಿಯೇ ಇರುವುದಿಲ್ಲ. ಕಂಪನಿ ಹೇಳಿದ ಬೆಲೆ, ಬೇಕಾದರೆ ಕೊಳ್ಳಿ, ಬೇಡವಾದರೆ ಬಿಡಿ. ಬ್ರಿಟನ್ನಿನಲ್ಲಿ ಚಿಕ್ಕ ಕಂಪನಿಗೆ ಹಣ ಹಾಕಿದವರಿಗೆ ಹಾಕಿದ ಮೊತ್ತದ 30 ಶೇಕಡದಷ್ಟು ಆದಾಯ ತೆರಿಗೆ ರಿಯಾಯಿತಿ ಕೊಡುವ ಯೋಜನೆಯೊಂದಿದೆ. ಒಟ್ಟಾರೆ ಅಲ್ಲಿನ ಜನ ಇಂಥ ಷೇರು ಕೊಳ್ಳುವಾಗ ಕೈ ಸ್ವಲ್ಪ ಸಡಿಲ ಬಿಡುವುದಕ್ಕೆ ಅದೂ ಒಂದು ಕಾರಣ.

ಇಷ್ಟಾಗಿಯೂ ಕಂಪನಿ ಅವರಿಗೆ ಮೋಸ ಮಾಡಿತು ಎಂದು ನಾನು ಹೇಳುತ್ತಿಲ್ಲ. ಹೊಸ ಕಂಪನಿಯಲ್ಲಿ ಹಾಕಿದ ಹಣ ಪೂರ್ತಿ ಹೋಗಬಹುದು ಎಂಬ ಎಚ್ಚರಿಕೆ ಇಂಥ ವೇದಿಕೆಗಳಲ್ಲಿ ಇದ್ದೇ ಇರುತ್ತದೆ. ಓದುವವರು ಎಷ್ಟು ಜನ ಅನ್ನುವುದು ಬೇರೆ ಪ್ರಶ್ನೆ.

2018ರ ಮೇ

ದೊಡ್ಡ ಬೆಳವಣಿಗೆಗೆಂದು ಹಣ ತೆಗೆದುಕೊಂಡ ಮೇಲೆ ದೊಡ್ಡದಾಗಿ ಬೆಳೆಯಲೇಬೇಕು. ಜನ, ಯಂತ್ರ, ಪ್ರಚಾರ, ಅಮೆರಿಕದ ಮಾರುಕಟ್ಟೆ, ಎಲ್ಲದಕ್ಕೂ ಖರ್ಚು. ಮಕ್ಕಳೂ ಮುಟ್ಟಬಹುದಾದಷ್ಟು ಸೌಮ್ಯವಾದ ಹೊಸ ಮಿಶ್ರಣವನ್ನೂ ತಂದರು. ಅದು ನಿಜವಾಗಿಯೂ ಒಳ್ಳೆಯ ಕೆಲಸ. ಬ್ಯಾಂಕಿನ ಸಾಲವೂ ಸೇರಿಕೊಂಡಿತು. ಮಾರಾಟ ಬೆಳೆಯುತ್ತಿತ್ತು, ಆದರೆ ಖರ್ಚನ್ನು ಹಿಡಿಯುವಷ್ಟು ವೇಗವಾಗಿ ಬೆಳೆಯಲಿಲ್ಲ.

2018ರ ಮೇ ತಿಂಗಳಲ್ಲಿ ಟೆಸಾ ಕಂಪನಿ ಸುಗ್ರುವನ್ನು 76 ಲಕ್ಷ ಪೌಂಡಿಗೆ ಕೊಂಡಿತು. ಟೆಸಾ ಜರ್ಮನಿಯ ಅಂಟುಟೇಪಿನ ಕಂಪನಿ. ನಮ್ಮ ಮನೆಗಳಲ್ಲೂ ಇರುವ ನೀವಿಯಾ ಕ್ರೀಮಿನ ಬೈಯರ್ಸ್‌ಡಾರ್ಫ್ ಇದರ ಒಡೆಯ. ಅಂದಹಾಗೆ, ಟೆಸಾ ಎಂಬ ಹೆಸರು ಬಂದದ್ದು 1900ರ ದಶಕದಲ್ಲಿ ಅಲ್ಲಿ ಕೆಲಸಕ್ಕಿದ್ದ ಎಲ್ಸಾ ಟೆಸ್ಮರ್ ಎಂಬ ಗುಮಾಸ್ತೆಯ ಹೆಸರಿನ ಅಕ್ಷರಗಳಿಂದ. ಅಂಟಿನ ಕಂಪನಿಗಳಿಗೆ ಹೆಂಗಸರ ಕೈಯ ಋಣ ಹಳೆಯದು.

76 ಲಕ್ಷ ಪೌಂಡ್ ಕೇಳಲು ದೊಡ್ಡ ಮೊತ್ತ. ಆದರೆ 2015ರಲ್ಲಿ ಷೇರು ಕೊಂಡವರಿಗೆ ಸಿಕ್ಕಿದ್ದು ಹಾಕಿದ್ದರ ಹತ್ತನೇ ಒಂದು ಪಾಲಿನಷ್ಟು. ಸಾವಿರ ಪೌಂಡ್ ಹಾಕಿದವರಿಗೆ ಸುಮಾರು ನೂರು.

ಇದು ಹೇಗಾಗುತ್ತದೆ ಎಂದು ಒಂದು ಲೆಕ್ಕ ಹಾಕೋಣ. ಇಲ್ಲಿನ ಅಂಕಿ ಸುಗ್ರುವಿನವಲ್ಲ, ತಿಳಿಯಲಿ ಎಂದು ನಾನೇ ಹಾಕಿದವು. ಒಂದು ಕಂಪನಿ ತನ್ನ ಬೆಲೆ 100 ಕೋಟಿ ಎಂದು ಹೇಳಿ ನಿಮ್ಮಿಂದ 1 ಕೋಟಿ ಪಡೆಯಿತು. ನಿಮ್ಮ ಪಾಲು ನೂರಕ್ಕೆ ಒಂದು. ಮೂರು ವರ್ಷದ ಮೇಲೆ ಕಂಪನಿ 25 ಕೋಟಿಗೆ ಮಾರಾಟವಾಯಿತು. ನಿಮಗೆ 25 ಲಕ್ಷ ಬರುತ್ತದೆ ಎಂದುಕೊಳ್ಳುತ್ತೀರಿ. ಬರುವುದಿಲ್ಲ. ಮೊದಲು ಬ್ಯಾಂಕ್ ತನ್ನ 12 ಕೋಟಿ ತೆಗೆದುಕೊಳ್ಳುತ್ತದೆ. ವಕೀಲರು, ಬಾಕಿ ಬಿಲ್ಲುಗಳು, ಅದು ಇದು ಎಂದು ಇನ್ನು 3 ಕೋಟಿ ಹೋಗುತ್ತದೆ. ಉಳಿದ 10 ಕೋಟಿಯಲ್ಲಿ ನೂರಕ್ಕೆ ಒಂದು ಅಂದರೆ 10 ಲಕ್ಷ. ಕಂಪನಿಯ ಬೆಲೆ ನಾಲ್ಕನೇ ಒಂದಕ್ಕೆ ಇಳಿದರೆ ನಿಮ್ಮ ಹಣ ಹತ್ತನೇ ಒಂದಕ್ಕೆ ಇಳಿಯಿತು. ಸಾಲ ಇರುವ ಕಂಪನಿಯಲ್ಲಿ ಷೇರುದಾರರು ಪಂಕ್ತಿಯ ಕೊನೆಯ ಎಲೆ. ಬಡಿಸುತ್ತಾ ಬರುವಷ್ಟರಲ್ಲಿ ಪಾತ್ರೆಯಲ್ಲಿ ಏನು ಉಳಿದಿರುತ್ತದೋ ಅದು.

ಸಿಟ್ಟು ಬಂದವರು ಇದ್ದರು. ಬರುವುದು ಸಹಜ. ತಮ್ಮದೇ ಎಂದುಕೊಂಡಿದ್ದ ಕಂಪನಿ ಮಾರಾಟವಾದಾಗ ಆಗುವ ಬೇಜಾರು ಬರೀ ಹಣದ್ದಲ್ಲ.

ಯಾರ ಲೆಕ್ಕ ತಪ್ಪಿತು?

ಹಣ ಹಾಕಿದವರ ಕಡೆಯಿಂದ ನೋಡಿದರೆ ಈ ಪ್ರಕರಣ ಸೋಲು. ನೆಸ್ಟಾದ ಕಡೆಯಿಂದ ನೋಡಿದರೆ ಗೆಲುವು. ಒಂದು ಅನುದಾನದಿಂದ ಹೊಸ ವಸ್ತು ಹುಟ್ಟಿತು, ಲಂಡನ್ನಿನಲ್ಲೇ ತಯಾರಿಕೆ ನಡೆಯಿತು, ಜನರಿಗೆ ಕೆಲಸ ಸಿಕ್ಕಿತು. ಟೆಸಾದ ಕಡೆಯಿಂದ ಅಗ್ಗದ ವ್ಯಾಪಾರ: ಹದಿನೈದು ವರ್ಷಗಳ ಪ್ರಯೋಗ, ಪೇಟೆಂಟು, ಪ್ರೀತಿಸುವ ಗ್ರಾಹಕರು, ಎಲ್ಲವೂ ಒಂದೇ ಪ್ಯಾಕೆಟ್ಟಿನಲ್ಲಿ. ಸುಗ್ರುವಿಗೆ ಹೆಣಗಾಟವಾಗಿದ್ದ ವಿತರಣೆಯ ಜಾಲ ಟೆಸಾಕ್ಕೆ ಮೊದಲೇ ಇತ್ತು. ಅಂಟಿನ ಸಾಲಿನಲ್ಲಿ ಅವರ ಸಾಮಾನೇ ತುಂಬಿರುತ್ತದೆ, ಇನ್ನೊಂದು ಪ್ಯಾಕೆಟ್ ನೇತುಹಾಕುವುದು ಅವರಿಗೆ ಕಷ್ಟವಲ್ಲ. 2008ಕ್ಕೆ ಮುಂಚೆ ಯಾವ ಬಗೆಯ ಕಂಪನಿಯ ಬಾಗಿಲಲ್ಲಿ ಇವರು ಕಾಯುತ್ತಿದ್ದರೋ, ಕೊನೆಗೆ ಅಂಥದ್ದೇ ಕಂಪನಿಯ ಮನೆ ಸೇರಿದರು.

ನನ್ನ ಪ್ರಕಾರ ತಪ್ಪಿದ್ದು ವಸ್ತುವೂ ಅಲ್ಲ, ಮನುಷ್ಯರೂ ಅಲ್ಲ. ಆ ಬಗೆಯ ಹಣಕ್ಕೂ ಆ ಬಗೆಯ ವಸ್ತುವಿಗೂ ಹೊಂದಿಕೆ ಆಗಲಿಲ್ಲ. ಒಬ್ಬರು ಒಂದು ಪ್ಯಾಕೆಟ್ ಕೊಂಡರೆ ಮತ್ತೆ ಕೊಳ್ಳುವುದು ಯಾವಾಗಲೋ. ಸರಿಮಾಡಿದ್ದು ಚೆನ್ನಾಗಿ ನಿಂತರೆ ಇನ್ನೂ ತಡ. ಒಳ್ಳೆಯ ರಿಪೇರಿ ಸಾಮಾನಿನ ಶಾಪವೇ ಅದು. ಇಂಥ ವ್ಯಾಪಾರ ವರ್ಷಕ್ಕೆ ಸ್ವಲ್ಪ ಸ್ವಲ್ಪ ಬೆಳೆದು, ಲಾಭದಲ್ಲಿ ನಿಂತು, ಪಾಲುದಾರರಿಗೆ ಡಿವಿಡೆಂಡ್ ಕೊಡುವಂಥದ್ದು. 2015ರ ಷೇರಿನ ಬೆಲೆ ಮಾತ್ರ ಬೇರೆ ಕತೆ ಹೇಳುತ್ತಿತ್ತು. ಜಗತ್ತಿನ ಪ್ರತಿ ಮನೆಯ ಡ್ರಾಯರಿನಲ್ಲೂ ಸುಗ್ರು ಇರುತ್ತದೆ ಎಂಬ ಕತೆ. ಆ ಬೆಲೆಗೆ ಷೇರು ಕೊಂಡವರಿಗೆ ಲಾಭ ಆಗಬೇಕಾದರೆ ಆ ಕನಸು ಪೂರ್ತಿ ನಿಜವಾಗಬೇಕಿತ್ತು. ಅರ್ಧ ನಿಜವಾದರೆ ಸಾಲದಾಗಿತ್ತು.

ಹೊರಗಿನಿಂದ ಕೂತು ಹೀಗೆ ಹೇಳುವುದು ಸುಲಭ ಎಂದು ನನಗೂ ಗೊತ್ತು. ಕಾರ್ಖಾನೆಯ ಸಂಬಳ ಕೊಡಬೇಕಾದ ದಿನ ಹತ್ತಿರ ಬಂದಾಗ, 30 ಲಕ್ಷ ಪೌಂಡ್ ಹಿಡಿದು ಜನ ಸಾಲಾಗಿ ನಿಂತಿರುವಾಗ, 10 ಲಕ್ಷ ಸಾಕು, ಬಾಗಿಲು ಹಾಕಿ ಎಂದು ಹೇಳುವ ಮೆಂಟರ್ ಎಷ್ಟು ಜನ ಇದ್ದಾರೆ? ಹೇಳಿದರೂ ಕೇಳುವ ಕಂಪನಿ ಯಾವುದು?

ನಮ್ಮ ಕಡೆ ಇಂಥದ್ದು ಹುಟ್ಟಿದರೆ ಮೊದಲ ಹಂತಕ್ಕೆ ಹಣ ಸಿಗುವ ದಾರಿಗಳು ಈಗ ಇವೆ. ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆ 2017ರಿಂದ ನಡೆಯುತ್ತಿದೆ, 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ, ಪಾಲು ಕೇಳುವುದಿಲ್ಲ. ಕೇಂದ್ರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ 2021ರಲ್ಲಿ ಶುರುವಾಯಿತು. ಮಾದರಿ ತಯಾರಿಸಿ ಪರೀಕ್ಷಿಸಲು 20 ಲಕ್ಷದವರೆಗೆ ಅನುದಾನ ಕೊಡಲೆಂದು ಅದನ್ನು ರೂಪಿಸಿದರು. ಜೇನ್ ಅವರಿಗೆ ನೆಸ್ಟಾ ಮಾಡಿದ ಕೆಲಸವನ್ನು ಇವು ಮಾಡಬಲ್ಲವು. ಸಿಗದೇ ಇರುವುದು ಆ ನಿವೃತ್ತ ವಿಜ್ಞಾನಿಗಳಂಥವರು. ಪೀಣ್ಯದ ಕಾರ್ಖಾನೆಗಳಲ್ಲಿ ರಬ್ಬರ್, ಪೇಂಟ್, ಅಚ್ಚು, ಎರಕ ಎಂದು ಮೂವತ್ತು ವರ್ಷ ದುಡಿದು ಮನೆಯಲ್ಲಿ ಕೂತಿರುವವರು ಎಷ್ಟೋ ಜನ ಇದ್ದಾರೆ. ಡಿಸೈನ್ ಓದಿದ ಹುಡುಗ ಹುಡುಗಿಯರ ಮೆಂಟರ್ ಪಟ್ಟಿಯಲ್ಲಿ ಅಂಥವರ ಹೆಸರನ್ನು ನಾನು ನೋಡಿದ್ದು ಬಹಳ ಕಡಿಮೆ. ಪಟ್ಟಿ ತುಂಬ ಇರುವುದು ಬಂಡವಾಳ ಕೂಡಿಸುವುದು ಹೇಗೆ ಎಂದು ಹೇಳಿಕೊಡುವವರು.

ಮಾರಾಟದ ಮರುತಿಂಗಳು, 2018ರ ಜೂನ್‌ನಲ್ಲಿ, ಜೇನ್ ಅವರಿಗೆ ಯುರೋಪಿಯನ್ ಇನ್ವೆಂಟರ್ ಅವಾರ್ಡ್ ಬಂತು. ಸಣ್ಣ ಮತ್ತು ಮಧ್ಯಮ ಉದ್ಯಮಗಳ ವಿಭಾಗದಲ್ಲಿ. ಪ್ರಶಸ್ತಿ ಕೊಡುವ ಹೊತ್ತಿಗೆ ಆ ಸಣ್ಣ ಉದ್ಯಮ ದೊಡ್ಡ ಉದ್ಯಮವೊಂದರ ಒಳಗೆ ಸೇರಿಹೋಗಿತ್ತು. ಟೆಸಾ ಕೊಂಡ ಮೇಲೂ ಪ್ಯಾಕೆಟ್ಟಿನ ಮೇಲೆ ಸುಗ್ರು ಎಂಬ ಹೆಸರು ಉಳಿಯಿತು. ಷೇರು ಕೊಂಡು ಸೋತವರ ಮನೆಗಳಲ್ಲಿ ಚಾರ್ಜರ್ ವೈರಿನ ಕುತ್ತಿಗೆಗೆ ಮೆತ್ತಿದ್ದು ಇನ್ನೂ ಬಿಟ್ಟಿರಲಿಕ್ಕಿಲ್ಲ.